ಸ್ವಲ್ಪ ಸರಿದು ಕೂರಿ

ಹಳೆಯ ಗ್ರೂಪ್ ಫೋಟೋ ಸಿಕ್ಕಿದರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲೋ, ಊರಿನ ಹೈಸ್ಕೂಲಿನ ಹೆಡ್‌ಮಾಸ್ಟರ ಕೋಣೆಯಲ್ಲೋ, ಸಹಕಾರ ಸಂಘದ ಗೋಡೆಯ ಮೇಲೋ ಅಂಥದೊಂದು ಇದ್ದೇ ಇರುತ್ತದೆ. ಎಲ್ಲರೂ ಅದರಲ್ಲಿ ಮೊದಲು ಗುರುತಿನ ಮುಖ ಹುಡುಕುತ್ತಾರೆ. ನಾನು ನೋಡುವುದು ಯಾರು ಎಲ್ಲಿ ಕೂತಿದ್ದಾರೆ ಅಂತ. ನಟ್ಟನಡುವೆ ಕೈಯಿರುವ ಕುರ್ಚಿ ಒಂದೇ ಒಂದು. ಅದರ ಅಕ್ಕಪಕ್ಕ ಕೈಯಿಲ್ಲದ ಕುರ್ಚಿಗಳು. ಹಿಂದೆ ಬೆಂಚು ಹತ್ತಿ ನಿಂತವರು, ಮುಂದೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿದ ಹುಡುಗರು. ಕೊನೆಗೆ, ಚೌಕಟ್ಟಿನ ಅಂಚಿನಲ್ಲಿ ಅರ್ಧ ಭುಜ ಮಾತ್ರ ಕಾಣುವ ಹಾಗೆ, ಜವಾನ. ಕೆಳಗೆ ಬರೆದ ಹೆಸರುಗಳಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಷ್ಟು ಹುಡುಕಿದರೂ ಅವನ ಹೆಸರು ಬಹಳ ಸಲ ಸಿಗುವುದಿಲ್ಲ. ಹೆಂಗಸರಿದ್ದರೆ ಅವರು ಯಾವ ಸಾಲಿನಲ್ಲಿದ್ದಾರೆ ಎನ್ನುವುದನ್ನು ನೋಡಿದರೆ ಸಾಕು, ಫೋಟೋ ಯಾವ ಕಾಲದ್ದೆಂದು ಹೆಚ್ಚುಕಡಿಮೆ ಹೇಳಬಹುದು.

ಇತಿಹಾಸದ ಪುಸ್ತಕದಲ್ಲಿ ಬದಲಾವಣೆ ತಾರೀಖು ಹಾಕಿಕೊಂಡು ಬರುತ್ತದೆ. ಇಂಥ ದಿನ ಆ ಸರ್ಕಾರ ಹೋಯಿತು, ಇಂಥ ದಿನ ಈ ಕಾಯಿದೆ ಬಂತು. ತಾರೀಖುಗಳು ಬೇಕು, ಬೇಡವೆನ್ನುವುದಿಲ್ಲ. ನಾನೂ ಕೆಲವನ್ನು ಹೇಳುವವಳೇ. ಆದರೆ ಒಂದೊಂದು ತಾರೀಖಿಗೂ ನನ್ನದೊಂದು ಪ್ರಶ್ನೆ ಇರುತ್ತದೆ: ಆವತ್ತು ಸಂಜೆ ಊರಿನಲ್ಲಿ ಯಾರಾದರೂ ತಮ್ಮ ಜಾಗ ಬಿಟ್ಟು ಬೇರೆ ಕಡೆ ಕೂತರೇ?

ನಮ್ಮ ಹಳೆಯ ಮನೆಗಳನ್ನೇ ನೋಡಿ. ಕಟ್ಟಿದವರು ಕಾನೂನು ಓದಿದವರಲ್ಲ. ಆದರೂ ಒಂದು ಇಡೀ ಕಾನೂನನ್ನು ಕಲ್ಲುಮಣ್ಣಿನಲ್ಲೇ ಬರೆದಿಟ್ಟಿದ್ದರು. ಮೊದಲು ಅಂಗಳ, ಆಮೇಲೆ ಮೆಟ್ಟಿಲು, ಜಗಲಿ, ಪಡಸಾಲೆ, ನಡುಮನೆ, ಅದರಾಚೆ ಅಡುಗೆಮನೆ, ದೇವರಮನೆ. ಯಾರು ಎಲ್ಲಿಯವರೆಗೆ ಬರಬಹುದು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಶ್ಯಾನುಭೋಗರು ಜಗಲಿಯ ಕಂಬಕ್ಕೆ ಒರಗಿ, ಮುಂದೆ ಬರೆಯುವ ಪೆಟ್ಟಿಗೆ ಇಟ್ಟುಕೊಂಡು ಕೂರುವರು. ಪಟೇಲರು ಬಂದರೆ ಕಂಬಳಿ ಹಾಸುವರು. ನಾಲ್ಕು ಎಕರೆಯ ರೈತ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ. ತಳವಾರ, ತೋಟಿ ಅಂಗಳದಲ್ಲಿ, ಅದೂ ನಿಂತು. ಮನೆಯ ಹೆಂಗಸರು ಬಾಗಿಲ ಹಿಂದೆ. ಅವರು ಕಾಣಿಸುತ್ತಿರಲಿಲ್ಲ, ಆದರೆ ಊರಿನ ಅಷ್ಟೂ ವ್ಯವಹಾರ ಅವರ ಕಿವಿಗೆ ಬೀಳುತ್ತಿತ್ತು. ಅಂಗಳದಿಂದ ನಡುಮನೆಯವರೆಗೆ ಹೇಳಕೇಳದೆ ಓಡಾಡಬಲ್ಲವರು ಮನೆಯ ಮಕ್ಕಳು ಮಾತ್ರ.

ಜಗಲಿಯ ಮಾತು ಬಂದಾಗ ಇದೊಂದನ್ನು ಹೇಳದೆ ಮುಂದೆ ಹೋಗಲಾರೆ. ಹಳೆಯ ಜಗಲಿಗಳ ಕಲ್ಲಿನ ಮೇಲೆ ಚೌಕಾಬಾರದ ಮನೆ ಗೀಚಿರುವುದನ್ನು ನೋಡಿದ್ದೀರಾ? ಐದು ಐದಲಿ ಇಪ್ಪತ್ತೈದು ಮನೆ, ನಡುವೆ ಅಡ್ಡಗೀಟು. ಮಧ್ಯಾಹ್ನ ಊಟವಾಗಿ ಗಂಡಸರು ಮಲಗಿದ ಮೇಲೆ ಆ ಜಗಲಿ ಹೆಂಗಸರದು. ಕವಡೆಯ ಸದ್ದು, ನಗು, ಅಕ್ಕಪಕ್ಕದ ಮನೆಯವರ ಸುದ್ದಿ. ನಾಲ್ಕು ಗಂಟೆಗೆ ಗಂಡಸರು ಎದ್ದು ಕೆಮ್ಮಿದರೆ ಆಟ ಮುಗಿಯಿತು. ದಿನಕ್ಕೆರಡು ಗಂಟೆಯ ಈ ರಾಜ್ಯಭಾರವನ್ನು ಯಾವ ಗೆಜೆಟಿಯರೂ ಬರೆದುಕೊಂಡಿಲ್ಲ. ಆ ಎರಡು ಗಂಟೆಯೇ ಆಮೇಲೆ ಮಹಿಳಾ ಸಮಾಜವಾಯಿತು, ಸ್ವಸಹಾಯ ಸಂಘವಾಯಿತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇರಲಿ. ವಂಶಪಾರಂಪರ್ಯವಾಗಿ ಬಂದಿದ್ದ ಪಟೇಲಿಕೆ, ಶ್ಯಾನುಭೋಗಿಕೆಗಳನ್ನು ತೆಗೆದುಹಾಕುವ ಕಾಯಿದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ತಲೆತಲಾಂತರದ ಅಧಿಕಾರ ಒಂದು ಕಾಗದದಿಂದ ಹೋಯಿತು. ಕಡತಗಳು ತಾಲ್ಲೂಕು ಕಚೇರಿಗೆ ಹೋದವು. ಆದರೆ ನನ್ನ ತಾಯಿಯ ಊರಿನಲ್ಲಿ ಅದಾಗಿ ಎಷ್ಟೋ ವರ್ಷದ ಮೇಲೂ ಜನ ಅದೇ ಜಗಲಿಗೆ ಬಂದು, ಅದೇ ಮೆಟ್ಟಿಲ ಮೇಲೆ ಕೂತು, ‘ನಮ್ಮ ಹಳ್ಳದ ಹೊಲದ ಸರ್ವೆ ನಂಬರು ಎಷ್ಟು ಸ್ವಾಮಿ?’ ಎಂದು ಕೇಳುತ್ತಿದ್ದರು. ಮಾಜಿ ಶ್ಯಾನುಭೋಗರು ಕಣ್ಣು ಮುಚ್ಚಿಕೊಂಡು ನಂಬರು ಹೇಳುತ್ತಿದ್ದರು, ಜೊತೆಗೆ ನಾಲ್ಕು ಕಡೆಯ ಚಕ್ಕುಬಂದಿಯನ್ನೂ. ಸರ್ಕಾರ ಅವರಿಂದ ಕಡತ ತೆಗೆದುಕೊಂಡಿತು, ನೆನಪು ಅವರಲ್ಲೇ ಉಳಿಯಿತು.

ಹೊಸದಾಗಿ ಬಂದ ಗ್ರಾಮಲೆಕ್ಕಿಗರು ಪರಸ್ಥಳದವರು. ಬಾಡಿಗೆ ಕೋಣೆ, ಒಂದು ಮೇಜು, ಎರಡು ಕಬ್ಬಿಣದ ಕುರ್ಚಿ. ಒಂದರಲ್ಲಿ ಅವರು, ಇನ್ನೊಂದು ಖಾಲಿ. ಆ ಖಾಲಿ ಕುರ್ಚಿಯ ಮೇಲೆ ಊರಿನಲ್ಲಿ ಮೊದಲು ಕೂತವನು ಮಿಲಿಟರಿಯಿಂದ ರಜಕ್ಕೆ ಬಂದಿದ್ದ ತಳವಾರರ ಹುಡುಗನಂತೆ. ನೇರವಾಗಿ ಬಂದ, ಕುರ್ಚಿ ಎಳೆದುಕೊಂಡ, ಕೂತ. ನಮ್ಮ ಅಜ್ಜಿ ಈ ಕಥೆಯನ್ನು ಹೇಳುವಾಗ ಮೊದಮೊದಲು ಅವರ ದನಿಯಲ್ಲಿ ಗಾಬರಿ ಇರುತ್ತಿತ್ತು. ವರ್ಷಗಳು ಕಳೆದ ಹಾಗೆ ಅದೇ ಕಥೆ, ಅದೇ ಮಾತು, ಆದರೆ ದನಿಯಲ್ಲಿ ಮೆಚ್ಚುಗೆ. ಕಥೆಯಲ್ಲಿ ಒಂದಕ್ಷರ ಬದಲಾಗಲಿಲ್ಲ, ಹೇಳುವವರು ಬದಲಾದರು. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿನೊಳಗೆ ಸೇರಿದ ಮೇಲಂತೂ ಯಾರೂ ಯಾರ ಮುಂದೆಯೂ ಕೂರುವ ಪ್ರಸಂಗವೇ ಕಡಿಮೆಯಾಯಿತು. ಕಿಟಕಿ, ಸರತಿ ಸಾಲು, ದುಡ್ಡು, ಕಾಗದ.

ಇದು ಹಳ್ಳಿಯ ಕಥೆ, ಹಿಂದೆ ರಾಜಧಾನಿ ಮೈಸೂರಿನಲ್ಲಿ ಏನಾಗುತ್ತಿತ್ತು ಎಂದು ಕೇಳುತ್ತೀರೇನೋ. ಅಲ್ಲಿ ಕೂರುವುದು ಇನ್ನೂ ದೊಡ್ಡ ವಿಷಯ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು 1881ರ ಮಾರ್ಚಿನಲ್ಲಿ ಮತ್ತೆ ಒಡೆಯರ ವಂಶಕ್ಕೆ ಬಂತು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಂಭ್ರಮದ ಹೊತ್ತಿನಲ್ಲಿ, ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು 144 ಮಂದಿ, ಹೆಚ್ಚಾಗಿ ಜಮೀನುದಾರರು ಮತ್ತು ವರ್ತಕರು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಚುನಾಯಿತರೂ ಅಲ್ಲ. ದಿವಾನರು ವರ್ಷದ ಲೆಕ್ಕ ಒಪ್ಪಿಸುವುದು, ಇವರು ಊರಿನ ಕಷ್ಟ ಅರಿಕೆ ಮಾಡುವುದು, ಅಷ್ಟೇ. ಅಷ್ಟೇ ಎಂದು ಅಷ್ಟಕ್ಕೇ ಬಿಡಬೇಡಿ. ರಾಜ್ಯದ ಲೆಕ್ಕವನ್ನು ರಾಜ್ಯ ಆಳುವವರು ಪ್ರಜೆಗಳ ಎದುರು ಓದಿ ಹೇಳುವುದು ನಮ್ಮ ಸಂಸ್ಥಾನಗಳಲ್ಲಿ ಆವರೆಗೆ ಇರಲಿಲ್ಲ. ಕೆರೆ ಒಡೆದಿದೆ, ದಾರಿ ಕೆಟ್ಟಿದೆ ಎನ್ನುವ ಮಾತು ಊರಿನ ಕಟ್ಟೆಯಿಂದ ದಿವಾನರ ಸಭೆಯವರೆಗೆ ನಡೆದು ಬಂದದ್ದು ಆವಾಗ. ರಂಗಾಚಾರ್ಲು ಅವರು 1883ರ ಜನವರಿಯಲ್ಲೇ ತೀರಿಕೊಂಡರು, ಸಭೆ ಉಳಿಯಿತು. ಹತ್ತು ವರ್ಷಕ್ಕೆ ಚುನಾವಣೆ ಬಂತು, 1907ರಲ್ಲಿ ಶಾಸನ ಪರಿಷತ್ತು ಬಂತು, 1923ರ ಸುಧಾರಣೆಗಳ ಹೊತ್ತಿಗೆ ಹೆಂಗಸರ ಮತಕ್ಕಿದ್ದ ಅಡ್ಡಿಯೂ ಹೋಯಿತು. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದವರಿಗೆ ಪಡಸಾಲೆಗೆ ಬರಲು ಒಂದು ದಾರಿಯಾಯಿತು.

ಅದೇ ಊರಿನ ಅದೇ ದಸರೆಯಲ್ಲಿ ಇನ್ನೊಂದು ನೋಟ. ದರ್ಬಾರಿನಲ್ಲಿ ನಮ್ಮವರು ನೆಲದ ಹಾಸಿನ ಮೇಲೆ ಕೂರುತ್ತಿದ್ದರು. ಯೂರೋಪಿಯನ್ನರಿಗೆ ಬೇರೆ ದಿನ, ಬೇರೆ ದರ್ಬಾರು, ಅವರಿಗೆ ಕುರ್ಚಿ. ನೆಲದ ಮೇಲೆ ಕೂರುವುದು ಅವಮಾನವಲ್ಲ, ನಮ್ಮ ರೂಢಿಯೇ ಅದು. ಆದರೆ ಒಂದೇ ಸಿಂಹಾಸನದ ಎದುರು ಎರಡು ಬಗೆಯ ಆಸನ ಬಂದಾಗ ಯಾರು ಯಾರನ್ನು ಆಳುತ್ತಿದ್ದಾರೆ ಎಂಬುದನ್ನು ಡಂಗುರ ಹೊಡೆಸಿ ಹೇಳಬೇಕಾಗಿರಲಿಲ್ಲ.

ಸಿಂಹಾಸನದ ಮಾತು ಬಂತಲ್ಲ, ಮಹಾರಾಜ ಜಯಚಾಮರಾಜೇಂದ್ರ ಒಡೆಯರನ್ನು ನೆನೆಯಬೇಕು. ‘ಮೈಸೂರು ಚಲೋ’ ಚಳವಳಿಯ ಒತ್ತಡಕ್ಕೆ 1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿಗೆಯಾಗಿ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಮಹಾರಾಜರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ಏಕೀಕೃತ ರಾಜ್ಯದ ರಾಜ್ಯಪಾಲರಾದರು, 1964ರಲ್ಲಿ ಮದ್ರಾಸಿನ ರಾಜ್ಯಪಾಲರಾಗಿ ಹೋದರು. ಒಬ್ಬರೇ ಮನುಷ್ಯರು, ನಾಲ್ಕು ಪೀಠ. ರತ್ನಖಚಿತ ಸಿಂಹಾಸನದಿಂದ ಎದ್ದು ದೆಹಲಿಯಿಂದ ನೇಮಕವಾಗುವ ಹುದ್ದೆಗೆ ಹೋಗಿ ಕೂರಲು ದೊಡ್ಡ ಮನಸ್ಸು ಬೇಕು. ಎಷ್ಟೋ ದೇಶಗಳಲ್ಲಿ ದೊರೆಗಳನ್ನು ಸಿಂಹಾಸನದಿಂದ ಇಳಿಸಲು ನೆತ್ತರು ಹರಿದಿದೆ. ನಮ್ಮಲ್ಲಿಯೂ ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ವಿದುರಾಶ್ವತ್ಥದಲ್ಲಿ, ಈಸೂರಿನಲ್ಲಿ ಜನ ಪ್ರಾಣ ಕೊಟ್ಟದ್ದನ್ನು ಮರೆಯಬಾರದು; ಆದರೂ ಕೊನೆಯ ಹೆಜ್ಜೆ ಸಾವಧಾನದಿಂದ ನಡೆಯಿತು. ರಾಜರ ಮಾನ್ಯತೆಗಳು 1971ರಲ್ಲಿ ರದ್ದಾದವು. ಈಗ ಜಂಬೂಸವಾರಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಕೂರುವವಳು ಚಾಮುಂಡೇಶ್ವರಿ. ರಸ್ತೆಯ ಎರಡೂ ಬದಿಯ ಜನ ಮಾತ್ರ ಬೆಳಗಿನಿಂದಲೇ ಬಂದು, ಒಬ್ಬರಿಗೊಬ್ಬರು ಜಾಗ ಹಿಡಿದಿಟ್ಟುಕೊಂಡು, ಹಿಂದಿನ ಹಾಗೆಯೇ ಕೈ ಮುಗಿಯುತ್ತಾರೆ.

ಸರ್ಕಾರ ಬದಲಾಗುವ ವೇಗವೇ ಬೇರೆ, ವಿಚಾರ ಹುಟ್ಟುವ ವೇಗವೇ ಬೇರೆ. ಕುಲ ನೋಡದೆ ಎಲ್ಲರೂ ಒಟ್ಟಿಗೆ ಕೂತು ಮಾತಾಡಬಹುದು ಎಂಬ ವಿಚಾರ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲೇ ಬಂದು ಹೋಗಿತ್ತು. ಅದು ನಮ್ಮೂರ ಶಾಲೆಯ ಬೆಂಚಿನವರೆಗೆ ಬರಲು ಏಳೆಂಟು ನೂರು ವರ್ಷ ಹಿಡಿಯಿತು. ಏಕೆ ಇಷ್ಟು ತಡ? ಮಾತನ್ನು ಒಪ್ಪಿಕೊಳ್ಳುವುದು ಸುಲಭ, ಪಕ್ಕದಲ್ಲಿ ಜಾಗ ಬಿಡುವುದು ಕಷ್ಟ. ಅಂಬೇಡ್ಕರರು ಹುಡುಗನಾಗಿದ್ದಾಗ ಶಾಲೆಯಲ್ಲಿ ಕೂರಲು ಮನೆಯಿಂದಲೇ ಗೋಣಿತಾಟು ಕೊಂಡೊಯ್ಯಬೇಕಾಗಿತ್ತು. ಅದೇ ಅಂಬೇಡ್ಕರರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತರು. ಆ ಪರಿಷತ್ತಿಗೆ ನಮ್ಮ ದಿವಾನ್ ಮಿರ್ಜಾ ಇಸ್ಮಾಯಿಲ್ಲರೂ ಹೋಗಿದ್ದರು. ಅಲ್ಲಿಗೆ ಹೋಗಿದ್ದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು ಮಂಗಳೂರಿನ ಮಗಳು, ರಾಧಾಬಾಯಿ ಸುಬ್ಬರಾಯನ್.

ರಾಧಾಬಾಯಿಯವರ ತಂದೆ ಯಾರು ಗೊತ್ತೇ? ಕುದ್ಮುಲ್ ರಂಗರಾಯರು. ವಕೀಲಿಕೆ ಮಾಡಿಕೊಂಡಿದ್ದ ಸಾರಸ್ವತ ಬ್ರಾಹ್ಮಣರು. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಹಿಂದೆ ಸರಿಯಲಿಲ್ಲ. ಅವರದೊಂದು ಆಸೆಯನ್ನು ಕರಾವಳಿಯಲ್ಲಿ ಈಗಲೂ ಹೇಳುತ್ತಾರೆ: ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ಮುಂದೆ ಸರ್ಕಾರಿ ಕೆಲಸಕ್ಕೆ ಸೇರಿ, ನಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ. ಕಾರೇ ಅಪರೂಪವಾಗಿದ್ದ ಕಾಲದಲ್ಲಿ, ಬೀದಿಯಲ್ಲಿ ನಡೆಯಲೂ ಬಿಡದಿದ್ದ ಮಕ್ಕಳನ್ನು ಅವರು ಮನಸ್ಸಿನಲ್ಲೇ ಕಾರಿನ ಸೀಟಿನ ಮೇಲೆ ಕೂರಿಸಿಬಿಟ್ಟಿದ್ದರು. 1928ರಲ್ಲಿ ಅವರು ತೀರಿಕೊಂಡರು. ಎರಡು ವರ್ಷದ ಮೇಲೆ ಮಗಳು ಮತ್ತು ಅಂಬೇಡ್ಕರರು ಒಂದೇ ಪರಿಷತ್ತಿನಲ್ಲಿ. ಈ ಸಂಗತಿ ನೆನಪಾದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕಾರಿನಿಂದ ಬಸ್ಸಿಗೆ ಬರೋಣ. ಅದಕ್ಕೂ ಮೊದಲು ರೈಲು. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ. ಮಂಗಳೂರಿನ ವಿ.ಎಸ್. ಕುಡ್ವರು 1914ರಲ್ಲಿ ಸಿ.ಪಿ.ಸಿ. ಎಂಬ ಬಸ್ಸು ಕಂಪನಿ ಶುರುಮಾಡಿದರು. ಮೈಸೂರು ಸರ್ಕಾರ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ತಾನೇ ಓಡಿಸಲು ನಿಂತಿತು. ಬಸ್ಸು ಮಾಡಿದ ಕೆಲಸವನ್ನು ಭಾಷಣಗಳು ಮಾಡಲಾಗಲಿಲ್ಲ ಎಂದರೆ ಅತಿಶಯವೇ? ಮೂರು ಜನ ಕೂರುವ ಸೀಟು. ಕಿಟಕಿಗೆ ಒಬ್ಬರು, ಅಂಚಿಗೆ ಒಬ್ಬರು, ನಡುವೆ ಬ್ಯಾಗು. ಮೂರನೆಯವನು ಬಂದು ‘ಸ್ವಲ್ಪ ಸರೀರಿ’ ಎನ್ನುತ್ತಾನೆ. ಟಿಕೆಟಿಗೆ ಅವನೂ ಅಷ್ಟೇ ದುಡ್ಡು ಕೊಟ್ಟಿದ್ದಾನೆ. ಸರಿಯದೆ ವಿಧಿಯಿಲ್ಲ. ಊರಿನ ಕಟ್ಟೆಯ ಮೇಲೆ ಪಕ್ಕಪಕ್ಕ ಕೂರದ ಇಬ್ಬರು ತಿಪಟೂರಿನವರೆಗೆ ತೊಡೆಗೆ ತೊಡೆ ತಾಗಿಸಿಕೊಂಡು ಬಂದು, ಊರು ಹತ್ತಿರವಾದ ಹಾಗೆ ಮತ್ತೆ ದೂರ ಕೂತ ಕಥೆಗಳನ್ನು ಹಿರಿಯರಿಂದ ಕೇಳಿದ್ದೇನೆ. ಒಂದು ದಿನ ಯಾರೋ ಊರು ಬಂದರೂ ದೂರ ಸರಿಯುವುದನ್ನು ಮರೆತಿರಬೇಕು. ಯಾವ ಊರು, ಯಾವ ದಿನ, ಯಾರೂ ಬರೆದಿಟ್ಟಿಲ್ಲ.

ಬಸ್ಸಿನಲ್ಲಿ ‘ಮಹಿಳೆಯರಿಗೆ’ ಎಂದು ಬರೆದ ಸೀಟುಗಳಿವೆಯಲ್ಲ, ಅವುಗಳದ್ದೇ ಒಂದು ಪುರಾಣ ಬರೆಯಬಹುದು. ನಾನು ಕಾಲೇಜಿಗೆ ಹೋಗುವಾಗ ಆ ಬರಹದ ಕೆಳಗೆ ಕೂತ ಗಂಡಸರನ್ನು ಎಬ್ಬಿಸಲು ಧೈರ್ಯ ಬೇಕಾಗಿತ್ತು. ಕಂಡಕ್ಟರ ಕಡೆ ನೋಡುತ್ತಿದ್ದೆವು, ಕಂಡಕ್ಟರು ಟಿಕೆಟ್ ಪುಸ್ತಕದ ಕಡೆ ನೋಡುತ್ತಿದ್ದರು. 2023ರ ಜೂನ್ 11ರಿಂದ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ ಎನ್ನುವ ಶಕ್ತಿ ಯೋಜನೆ ಬಂದ ಮೇಲೆ ಲೆಕ್ಕವೇ ತಿರುಗಿತು. ಹೆಂಗಸರು ಬಸ್ಸು ತುಂಬಿದರು. ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ, ಧರ್ಮಸ್ಥಳಕ್ಕೆ. ಖಜಾನೆಯ ಲೆಕ್ಕ ಹಾಕುವವರು ಹಾಕಲಿ, ಅದೂ ಬೇಕಾದ್ದೇ. ನಾನು ಕಂಡದ್ದು ಹೇಳುತ್ತೇನೆ: ಎಪ್ಪತ್ತರ ಹತ್ತಿರದ ಒಬ್ಬಾಕೆ ಕಿಟಕಿ ಪಕ್ಕ ಕೂತು, ‘ಮಗನ ಹತ್ರ ದುಡ್ಡು ಕೇಳದೆ ಹೊರಟಿದ್ದು ಇದೇ ಮೊದಲು ಕಣವ್ವ’ ಎಂದರು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ. ‘ಸುಮ್ನೆ’ ಎಂದರು. ಸುಮ್ಮನೆ ಹೊರಡುವುದು ಆವರೆಗೆ ಗಂಡಸರ ಸ್ವತ್ತಾಗಿತ್ತು.

ಪ್ರಯಾಣವೆಂದ ಮೇಲೆ ತಿಂಡಿ ಬೇಡವೇ? ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ಕೆಲವು ಹಳ್ಳಿಗಳಲ್ಲಿ ಚಹಾದ ಬೇರೆ ಲೋಟ ಗೋಡೆಯ ಗೂಡಿನಲ್ಲಿರುತ್ತಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನ ತೊಡೆದುಹಾಕಿ, 1955ರಲ್ಲಿ ಕಾಯಿದೆ ಬಂದು, ಆದ ಮೇಲೂ ಅಂಥ ಲೋಟ ಇದೆ ಎಂಬ ಸುದ್ದಿ ಆಗಾಗ ಬರುತ್ತಲೇ ಇರುವುದು ನಾಚಿಕೆಯ ಮಾತು. ಪೇಟೆಗಳಲ್ಲಿ ಮಾತ್ರ ಹೋಟೆಲು ತನ್ನಷ್ಟಕ್ಕೆ ತಾನು ಬದಲಾಯಿತು. ಜನ ಹೆಚ್ಚಿದರು, ಮೇಜು ಸಾಲದು, ಗುರುತಿಲ್ಲದವರ ಎದುರಿಗೆ ಕೂತು ದೋಸೆ ತಿನ್ನುವುದು ರೂಢಿಯಾಯಿತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಬಂದ ಮೇಲೆ ಕುರ್ಚಿಗಳೇ ಹೋದವು. ಕೂಪನ್ ತೆಗೆದುಕೊಳ್ಳಿ, ತಟ್ಟೆ ಎತ್ತಿಕೊಳ್ಳಿ, ನಿಂತು ತಿನ್ನಿ. ಕಂಪನಿಯ ಮ್ಯಾನೇಜರು, ಆಟೋ ಓಡಿಸುವವರು, ಬ್ಯಾಂಕಿನಿಂದ ನಿವೃತ್ತರಾದವರು ಎಲ್ಲ ಒಂದೇ ಕಟ್ಟೆಯ ಸುತ್ತ ನಿಂತು ಚಟ್ನಿ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ. ಎಲ್ಲರನ್ನೂ ಸಮವಾಗಿ ಕೂರಿಸಲು ಶತಮಾನಗಳ ಕಾಲ ಹೆಣಗಿದ ಸಮಾಜವನ್ನು ಬೆಂಗಳೂರು ಬೆಳಗಿನ ಎಂಟು ಗಂಟೆಗೆ ಎಲ್ಲರನ್ನೂ ಸಮವಾಗಿ ನಿಲ್ಲಿಸಿ ತಿದ್ದಿತು.

ಆದರೆ ಎಲ್ಲವೂ ಹೀಗೆ ಇಡ್ಲಿ ತಿನ್ನುತ್ತ ಆಗುವುದಿಲ್ಲ. ಮಲೆನಾಡಿಗೆ ಬನ್ನಿ. ಸಾಗರ ತಾಲ್ಲೂಕಿನ ಕಾಗೋಡು, 1951. ಗೇಣಿ ಅಳೆಯುವ ಕೊಳಗದ ಜಗಳ. ಜಮೀನಿನ ಒಡೆಯರು ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಒಕ್ಕಲುಗಳ ದೂರು. ಎಚ್. ಗಣಪತಿಯಪ್ಪನವರು ದೀವರ ಒಕ್ಕಲುಗಳನ್ನು ಒಂದುಗೂಡಿಸಿದರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದ ಅಳತೆಯಿಂದ ಶುರುವಾದ ಮಾತು ನೆಲ ಯಾರದು ಎಂಬಲ್ಲಿಗೆ ಹೋಗಿ ನಿಂತಿತು. ಅದಕ್ಕೆ ಉತ್ತರ ಸಿಗಲು 1974 ಬರಬೇಕಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ ಆ ವರ್ಷ ಮಾರ್ಚ್ 1ರಿಂದ ಜಾರಿಯಾಯಿತು.

ಆಗ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕೂತವಲ್ಲ, ಆ ಕೋಣೆಗಳನ್ನು ನಾನು ಕಣ್ಣಿಗೆ ಕಟ್ಟಿಕೊಳ್ಳಲು ಪ್ರಯತ್ನಿಸುತ್ತೇನೆ. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಜೊತೆಗೆ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಮೊದಲು ವಕೀಲರಿಗೆ ಅಲ್ಲಿ ವಾದಿಸಲು ಅವಕಾಶವಿರಲಿಲ್ಲ. ಒಡೆಯರೂ ತಾವೇ ಬಂದು ಹೇಳಬೇಕು, ಒಕ್ಕಲೂ ತಾನೇ ಹೇಳಬೇಕು. ಯೋಚಿಸಿ. ತಲೆತಲಾಂತರದಿಂದ ಒಬ್ಬರು ಜಗಲಿಯಲ್ಲಿ, ಇನ್ನೊಬ್ಬರು ಅಂಗಳದಲ್ಲಿ ಇದ್ದವರು. ಇಬ್ಬರಿಗೂ ಒಂದೇ ಬೆಂಚು. ‘ಈ ಗದ್ದೆ ಎಷ್ಟು ವರ್ಷದಿಂದ ಮಾಡ್ತಾ ಇದ್ದೀಯ?’ ಎಂಬ ಪ್ರಶ್ನೆಗೆ ಒಕ್ಕಲಿನವನು ಒಡೆಯರ ಮುಖ ನೋಡದೆ ಉತ್ತರ ಕೊಡಬೇಕು. ಕರಾವಳಿಯ ಕಡೆ ಈಗಲೂ ‘ಡಿಕ್ಲರೇಶನ್ ಹಾಕಿದ್ದು’ ಎನ್ನುತ್ತಾರೆ. ಹಾಗೆ ಅರ್ಜಿ ಹಾಕಿದವರು ರಾಜ್ಯದಲ್ಲಿ 8 ಲಕ್ಷಕ್ಕೂ ಮೇಲೆ. ಹಾಕದೆ ಉಳಿದವರೂ ಇದ್ದರು. ಅನ್ನ ಕೊಟ್ಟ ಮನೆ ಎಂದು, ಅಥವಾ ಹೆದರಿ. ಅರ್ಜಿ ಹಾಕಿದ ಮೇಲೆ ಎಷ್ಟೋ ದಿನ ಒಡೆಯರ ಮನೆಯ ದಾರಿ ಬಿಟ್ಟು ಗುಡ್ಡ ಬಳಸಿ ಹೋದವರಿದ್ದರು. ಭೂಮಿ ಕಳೆದುಕೊಂಡ ಮನೆಗಳಲ್ಲೂ ದುಃಖವಿತ್ತು. ಗೇಣಿ ಅಕ್ಕಿಯನ್ನೇ ನಂಬಿದ್ದ ವಿಧವೆಯರ ಕಥೆಗಳು ಆ ಕಡೆ ಬೇಕಾದಷ್ಟಿವೆ, ಅವನ್ನೂ ಕೇಳಬೇಕು. ಆದರೂ ಅದು ಆಗಬೇಕಾದ್ದೇ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಉಳುವವನ ಮೊಮ್ಮಗಳು ಇಂದು ಅದೇ ಒಡೆಯರ ಮೊಮ್ಮಗನ ಜೊತೆ ಬೆಂಗಳೂರಿನ ಒಂದೇ ಆಫೀಸಿನಲ್ಲಿ ಎದುರುಬದುರು ಕೂತು ಕೆಲಸ ಮಾಡುತ್ತಿರಬಹುದು. ಅವರಿಬ್ಬರಿಗೂ ಆ ಬೆಂಚಿನ ವಿಷಯ ಗೊತ್ತಿರಲಾರದು, ಯಾರಾದರೂ ಹೇಳಬೇಕು.

ಪಂಚಾಯಿತಿಯ ಕುರ್ಚಿಯ ಕಥೆ ಇನ್ನೊಂದು. ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ತಂದ ಕಾಯಿದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ನೂರಕ್ಕೆ 25 ಸ್ಥಾನ ಹೆಂಗಸರಿಗೆ. ಕೊಳವೆಬಾವಿಗಳನ್ನು ಹಳ್ಳಿಹಳ್ಳಿಗೆ ತಂದು ‘ನೀರ್ ಸಾಬ್’ ಎನಿಸಿಕೊಂಡಿದ್ದ ಅವರು, ಕೊಡ ಹೊರುತ್ತಿದ್ದವರಿಗೆ ಕುರ್ಚಿಯನ್ನೂ ಕೊಟ್ಟು 1988ರಲ್ಲಿ ಹೊರಟುಹೋದರು. ಶುರುವಿನಲ್ಲಿ ಎಷ್ಟೋ ಕಡೆ ಸದಸ್ಯೆ ನೆಲದ ಮೇಲೋ, ಗೋಡೆಗೆ ಒರಗಿ ನಿಂತೋ ಇರುವುದು, ಕುರ್ಚಿಯಲ್ಲಿ ಗಂಡ ಕೂರುವುದು. ಸೆರಗು ಹೊದ್ದುಕೊಂಡು ಸಹಿ ಮಾತ್ರ ಹಾಕಿದವರೆಷ್ಟೋ. ಆದರೆ ಸಹಿ ಹಾಕುವವರಿಗೆ ಒಂದಲ್ಲ ಒಂದು ದಿನ ಕಾಗದದಲ್ಲಿ ಏನು ಬರೆದಿದೆ ಎಂಬ ಕುತೂಹಲ ಬಂದೇ ಬರುತ್ತದೆ. 2010ರಲ್ಲಿ ಮೀಸಲು ನೂರಕ್ಕೆ 50 ಆಯಿತು. ಇವತ್ತು ಗ್ರಾಮಸಭೆಗೆ ಹೋಗಿ ನೋಡಿ. ಗಂಡ ಮುಂದೆ ಕೂರುವುದು ನಿಂತಿದೆ ಎನ್ನಲಾರೆ, ಆದರೆ ‘ಅವರು ಯಾಕೆ ಇಲ್ಲಿ ಕೂತಿದ್ದಾರೆ?’ ಎಂದು ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ. ಅದು ಹೆಚ್ಚಾಗಿ ಇನ್ನೊಬ್ಬ ಹೆಂಗಸಿನ ದನಿ.

ಹಿಂದಿನ ಸಾಲು ಎಂದೆನಲ್ಲ, ಆ ಸಾಲಿನಲ್ಲಿರುವ ಕುರ್ಚಿ ಯಾವುದು? ಪ್ಲಾಸ್ಟಿಕ್ಕಿನದು. ಅದರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡದಿದ್ದರೆ ಅನ್ಯಾಯ. ಮರದ ಕುರ್ಚಿ ಊರಿಗೆ ಎರಡೋ ಮೂರೋ ಇದ್ದಾಗ ಅದರ ಮೇಲೆ ಯಾರು ಕೂರಬೇಕು ಎಂಬುದು ದೊಡ್ಡ ವಿಚಾರ. ಶಾಮಿಯಾನದವನು ಒಂದೇ ಬಣ್ಣದ, ಒಂದೇ ಎತ್ತರದ ಇನ್ನೂರು ಕುರ್ಚಿಗಳನ್ನು ಟೆಂಪೋದಲ್ಲಿ ತಂದು ಸುರಿದರೆ ವಿಚಾರ ಎಲ್ಲಿ ಉಳಿಯಿತು? ಮೊದಲು ಬಂದವರು ಫ್ಯಾನಿನ ಕೆಳಗೆ. ಮದುವೆ ಮನೆಯ ಪಂಕ್ತಿಯೂ ನೆಲ ಬಿಟ್ಟು ಮೇಜಿಗೆ ಏರಿತು, ಇದಕ್ಕೆ ಕಾರಣ ಸಮಾನತೆಯಲ್ಲ, ಮಂಡಿನೋವು. ನಮ್ಮ ಅಜ್ಜಿ ಗಂಡಸರೆದುರು ಜೀವಮಾನದಲ್ಲಿ ಕುರ್ಚಿಯ ಮೇಲೆ ಕೂತವರಲ್ಲ. ಡಾಕ್ಟರು ನೆಲಕ್ಕೆ ಕೂರಬಾರದು ಎಂದ ಮೇಲೆ, ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಡಸಾಲೆಯ ನಡುವೆ, ಬಂದು ಹೋಗುವ ಎಲ್ಲರ ಎದುರು ಕೂತರು. ಆಮೇಲೆ ಮನೆಯ ವ್ಯವಹಾರಗಳಲ್ಲಿ ಅವರ ಮಾತು ಜೋರಾಗಿ ಕೇಳತೊಡಗಿತು. ಅವರು ಮೊದಲಿನಿಂದಲೂ ಹೇಳುತ್ತಿದ್ದ ಮಾತುಗಳೇ. ಬಾಗಿಲ ಹಿಂದಿನಿಂದ ಕೇಳಿಸುತ್ತಿರಲಿಲ್ಲ.

ಈಚೆಗೆ ಕೂರುವುದೇ ಒಂದು ಹಕ್ಕಾಗಿ ಕಾನೂನಿನಲ್ಲಿ ಸೇರಿದ್ದನ್ನು ನೀವು ಓದಿರಬಹುದು. ಕೇರಳದ ಬಟ್ಟೆ ಅಂಗಡಿಗಳಲ್ಲಿ ಕೆಲಸದ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕಾಗಿತ್ತು. ಕೋಳಿಕ್ಕೋಡಿನಲ್ಲಿ ದರ್ಜಿ ಕೆಲಸ ಮಾಡುತ್ತಿದ್ದ ವಿಜಿ ಎಂಬ ಮಹಿಳೆ ಅವರನ್ನು ಸಂಘಟಿಸಿದರು. ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಕಾನೂನು ತಿದ್ದಿ, ಅಂಗಡಿಯ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಎಂದವು. ಇದನ್ನು ಓದಿದ ಮೇಲೆ ನನಗೆ ಸೀರೆ ಅಂಗಡಿಗೆ ಹೋದರೆ ಸೀರೆಯ ಕಡೆ ಕಣ್ಣು ಹೋಗುವುದು ಕಡಿಮೆಯಾಗಿದೆ. ನಮಗೆ ಮೆತ್ತನೆಯ ಹಾಸು, ಕೈಗೆ ಬಾದಾಮಿ ಹಾಲು. ಸೀರೆ ಬಿಡಿಸಿ ತೋರಿಸುವ ಹುಡುಗಿ ಮಾತ್ರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿರುತ್ತಾಳೆ.

ಮೊನ್ನೆ ಕೇಳಿಯೇಬಿಟ್ಟೆ. ‘ಕೂರೋಕೆ ಸ್ಟೂಲು ಕೊಟ್ಟಿಲ್ವೇನಮ್ಮಾ?’

‘ಗಿರಾಕಿ ಇಲ್ಲದಾಗ ಹಿಂದ್ಗಡೆ ಬಟ್ಟೆ ಗಂಟಿನ ಮೇಲೆ ಕೂರ್ತೀವಿ ಮೇಡಂ. ಕ್ಯಾಮೆರಾ ಅಲ್ಲಿಗೆ ಬರಲ್ಲ.’

‘ಮಾಲೀಕರನ್ನ ಕೇಳಲಾ?’

ಅವಳು ಒಂದು ಗಳಿಗೆ ಸುಮ್ಮನಿದ್ದು, ಮಡಚುತ್ತಿದ್ದ ಸೀರೆಯನ್ನು ಪಕ್ಕಕ್ಕಿಟ್ಟು, ‘ನನ್ನ ಹೆಸರು ಹೇಳ್ಬೇಡಿ, ಕೇಳಿ’ ಎಂದಳು. ಕೇಳಿದೆ. ನೋಡೋಣ ಎಂದಿದ್ದಾರೆ. ಗೌರಿಹಬ್ಬಕ್ಕೆ ಹೇಗೂ ಮತ್ತೆ ಹೋಗುವುದಿದೆ, ನೀವೂ ನಿಮ್ಮೂರಿನ ಅಂಗಡಿಯಲ್ಲಿ ಒಂದು ಮಾತು ಕೇಳಿ.